ಅರೋನಿಯನ್ – ಆನಂದ್, 2013: ಮೆರಾನ್ ರಕ್ಷಣೆಯ ಒಂದು ಅಪೂರ್ವ ಆಟ

ನೆದರ್ಲೆಂಡ್ಸ್‌ನ ಕಡಲತೀರದ ಪುಟ್ಟ ಊರಾದ ವೈಕ್ ಆನ್ ಜೀಯಲ್ಲಿ ನಡೆಯುವ ಟಾಟಾ ಸ್ಟೀಲ್ ಚದುರಂಗ ಪಂದ್ಯಾವಳಿಯ ನಾಲ್ಕನೆಯ ಸುತ್ತಿನಲ್ಲಿ, 2013ರ ಜನವರಿ 15ರಂದು, ಅರ್ಮೇನಿಯದ ಲೆವೊನ್ ಅರೋನಿಯನ್ ಬಿಳಿಯ ಕಾಯಿಗಳೊಡನೆ ವಿಶ್ವನಾಥನ್ ಆನಂದರನ್ನು ಎದುರಿಸಿದರು. ಆನಂದರಿಗೆ ಆಗ 43 ವರ್ಷ. ವಿಶ್ವಚಾಂಪಿಯನ್ ಪಟ್ಟ ಅವರಲ್ಲೇ ಇದ್ದರೂ 2012ರ ಬಿಲ್ಬಾವೊ ಪಂದ್ಯಾವಳಿಯಲ್ಲಿ ಒಂದು ಗೆಲುವೂ ದಕ್ಕಿರಲಿಲ್ಲ. ಅವರ ಆಟದ ಮೊನೆ ಮೊಂಡಾಯಿತೆಂಬ ಮಾತು ಕೇಳಿಬರತೊಡಗಿತ್ತು.

ಕಪ್ಪಿನ ಪರವಾಗಿ ಆನಂದ್ ಆರಿಸಿಕೊಂಡದ್ದು ಸೆಮಿ-ಸ್ಲಾವ್ ರಕ್ಷಣೆಯ ಮೆರಾನ್ ಪ್ರಭೇದ. ಇಟಲಿಯ ಮೆರಾನೊ ಪಟ್ಟಣದಲ್ಲಿ 1924ರಲ್ಲಿ ರೂಬಿನ್‌ಸ್ಟೈನ್ ಇದನ್ನು ಗ್ರುನ್‌ಫೆಲ್ಡ್ ವಿರುದ್ಧ ಆಡಿದ್ದರಿಂದ ಈ ಹೆಸರು. ಸಿ4ರ ಕಾಲಾಳನ್ನು ಹೊಡೆದು, ಬಿ5ಕ್ಕೆ ಕಾಲಾಳನ್ನು ನೂಕಿ ಬಿಳಿಯ ಒಂಟೆಯನ್ನು ಹಿಂದಟ್ಟುವುದು ಇದರ ತಿರುಳು. ಹೆಸರಿಗೆ ರಕ್ಷಣೆಯಾದರೂ ಸ್ವಭಾವದಲ್ಲಿ ಇದು ದಾಳಿಯೇ. 2008ರಲ್ಲಿ ಬಾನ್ ನಗರದ ವಿಶ್ವಚಾಂಪಿಯನ್‌ಷಿಪ್‌ನಲ್ಲಿ ಕ್ರಾಮ್ನಿಕ್ ವಿರುದ್ಧ ಮೂರನೆಯ ಮತ್ತು ಐದನೆಯ ಆಟಗಳನ್ನು ಆನಂದ್ ಗೆದ್ದದ್ದೂ ಇದರಿಂದಲೇ.

ಹದಿಮೂರನೆಯ ನಡೆಯಲ್ಲಿ ಅರೋನಿಯನ್ನರ ಕುದುರೆ ಎಚ್7ರ ಕಾಲಾಳನ್ನು ಕಬಳಿಸಿತು. ಆನಂದ್ ಅದನ್ನು ಮುಟ್ಟದೆ ತಮ್ಮ ಕುದುರೆಯನ್ನು ಜಿ4ಕ್ಕೆ ಹಾರಿಸಿದರು. ಹದಿನೈದನೆಯ ನಡೆಯಲ್ಲಿ ಒಂಟೆಯನ್ನು ಸಿ5ರಲ್ಲಿ ಕಾಲಾಳಿನ ಬಾಯಿಗೇ ಒಡ್ಡಿದರು. ಮರುನಡೆಯಲ್ಲಿ ಇನ್ನೊಂದು ಕುದುರೆ ಇ5ಕ್ಕೆ ಬಂತು. ಈಗ ಕಪ್ಪಿನ ಆನೆ, ಒಂಟೆ, ಎರಡು ಕುದುರೆಗಳು ಎಲ್ಲವೂ ಒಮ್ಮೆಗೇ ಹೊಡೆತಕ್ಕೆ ಸಿಕ್ಕಿವೆ! ಮಣೆಯ ಮುಂದೆ ಕುಳಿತು ಇದನ್ನು ಒಮ್ಮೆ ಜೋಡಿಸಿ ನೋಡಬೇಕು. ಬರವಣಿಗೆಯಲ್ಲಿ ಅದರ ಸೊಗಸು ಅರ್ಧ ಮಾತ್ರ ಬರುತ್ತದೆ. ಈ ಉಪಾಯವು 2012ರಲ್ಲಿ ಗೆಲ್ಫಾಂಡ್ ವಿರುದ್ಧದ ಪಟ್ಟದ ಹೋರಾಟಕ್ಕೆಂದು ಮಾಡಿಕೊಂಡ ಸಿದ್ಧತೆಯ ಫಲವಾಗಿತ್ತು.

ಅರೋನಿಯನ್ ಆನೆಯನ್ನು ಹೊಡೆದರು. ಆನಂದ್ ಅದಕ್ಕೂ ಪ್ರತಿಯಾಗಿ ಹೊಡೆಯದೆ ಎಫ್5ಕ್ಕೆ ಕಾಲಾಳನ್ನು ಸರಿಸಿ, ಜಿ4ರ ಕುದುರೆಗೆ ಆಸರೆ ಕೊಟ್ಟು, ಎಚ್7ಕ್ಕೆ ಬರಲಿದ್ದ ಬಿಳಿಯ ಮಂತ್ರಿಯ ದಾರಿಯನ್ನೂ ಮುಚ್ಚಿದರು. ಇಪ್ಪತ್ತಮೂರನೆಯ ನಡೆಯಲ್ಲಿ ಒಂಟೆ ಇ3ಕ್ಕೆ ಇಳಿದು, ಡಿ3ರಲ್ಲಿದ್ದ ಮಂತ್ರಿಗೂ ಎಚ್3ಕ್ಕೂ ನಡುವೆ ಅಡ್ಡನಿಂತಿತು. ಜಿ2ರ ಕಾಲಾಳು ಬಿ7ರ ಒಂಟೆಯ ಕಟ್ಟಿಗೆ ಸಿಕ್ಕಿ ಅಲುಗುವಂತಿಲ್ಲ. ಅರೋನಿಯನ್ ಸೋಲೊಪ್ಪಿಕೊಂಡರು. ರೋಟ್ಲೆವಿ ವಿರುದ್ಧ 1907ರಲ್ಲಿ ಲಾಡ್ಜ್‌ನಲ್ಲಿ ಅದೇ ರೂಬಿನ್‌ಸ್ಟೈನ್ ಆಡಿದ ಆಟವನ್ನು ಬಲ್ಲವರಿಗೆ ಇಲ್ಲಿಯ ಜೋಡಿ ಒಂಟೆಗಳ ಚಲನೆ ಪರಿಚಿತವೆನಿಸುತ್ತದೆ.

ಪಂದ್ಯಾವಳಿಯನ್ನು 13ರಲ್ಲಿ 10 ಅಂಕ ಗಳಿಸಿದ ಮ್ಯಾಗ್ನಸ್ ಕಾರ್ಲ್‌ಸನ್ ಗೆದ್ದರು. ಅದೇ ನವೆಂಬರಿನಲ್ಲಿ ಚೆನ್ನೈಯಲ್ಲಿ ಆನಂದರಿಂದ ಪಟ್ಟವನ್ನು ಪಡೆದವರೂ ಅವರೇ.