ಕಂದು ಹಲ್ಲಿನ ಊರುಗಳು

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ಗೆ ಬಂದ. ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲು ಕಂದು ಬಣ್ಣಕ್ಕಿತ್ತು, ಕೆಲವರದಂತೂ ಚಾಕೊಲೇಟಿನ ಬಣ್ಣ. ಉಜ್ಜಿದರೆ ಹೋಗುವ ಕಲೆಯಲ್ಲ, ಹಲ್ಲಿನೊಳಗೇ ಕೂತ ಕಲೆ. ಊರಿನವರ ಬಳಿ ಕಾರಣಗಳಿಗೆ ಬರವಿರಲಿಲ್ಲ: ಹಂದಿ ಮಾಂಸ ಜಾಸ್ತಿಯಾಯಿತು, ಹಾಲು ಸರಿಯಿಲ್ಲ, ನೀರಿನಲ್ಲಿ ಸುಣ್ಣ ಹೆಚ್ಚು. ಅಲ್ಲಿನ ದಂತವೈದ್ಯರು ಈ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

1909ರಲ್ಲಿ ಆ ಕಾಲದ ಹೆಸರಾಂತ ದಂತತಜ್ಞ ಜಿ. ವಿ. ಬ್ಲ್ಯಾಕ್ ಮೆಕೇ ಜೊತೆ ಕೈಜೋಡಿಸಿದ. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಈ ಕಲೆ ಇತ್ತು. ಇಬ್ಬರೂ ಸೇರಿ ಎರಡು ಸಂಗತಿ ಗಮನಿಸಿದರು. ಹಲ್ಲು ಚೆನ್ನಾಗಿ ಬಂದ ಮೇಲೆ ಈ ಊರಿಗೆ ಬಂದವರಿಗೆ ಕಲೆ ಆಗುತ್ತಿರಲಿಲ್ಲ. ಕಲೆ ಇದ್ದವರ ಹಲ್ಲು ನೋಡಲು ಕೆಟ್ಟದಾಗಿದ್ದರೂ ಹುಳುಕು ಹಿಡಿಯುವುದು ಅಪರೂಪ.

ಮೊದಲನೆಯದಕ್ಕೆ ಕಾರಣ ಈಗ ನಮಗೆ ಗೊತ್ತಿದೆ. ಮಗುವಿನ ಬಾಯಲ್ಲಿ ಹಾಲುಹಲ್ಲು ಇರುವಾಗಲೇ ದವಡೆಯೊಳಗೆ ಶಾಶ್ವತ ಹಲ್ಲಿನ ಎನಾಮಲ್ ಕಟ್ಟಿಕೊಳ್ಳುತ್ತಿರುತ್ತದೆ. ಅಕ್ಕಲುಹಲ್ಲು ಬಿಟ್ಟರೆ ಉಳಿದವುಗಳ ಕೆಲಸ ಎಂಟು ವರ್ಷದ ಹೊತ್ತಿಗೆ ಮುಗಿಯುತ್ತದೆ. ಎರಡು ವರ್ಷದ ಮಗು ಕುಡಿದ ನೀರಿನ ಲೆಕ್ಕ ಏಳನೇ ವರ್ಷದಲ್ಲಿ ಮುಂದಿನ ಹಲ್ಲು ಬಂದಾಗ ಕಾಣುತ್ತದೆ.

1923ರಲ್ಲಿ ಐಡಹೋದ ಓಕ್ಲಿ ಎಂಬ ಸಣ್ಣ ಊರಿನ ತಂದೆ ತಾಯಂದಿರು ಮೆಕೇಗೆ ತಾವೇ ಸುಳಿವು ಕೊಟ್ಟರು. ಐದು ಮೈಲಿ ದೂರದ ಬಿಸಿನೀರಿನ ಚಿಲುಮೆಯಿಂದ ಊರಿಗೆ ಪೈಪ್ ಎಳೆದ ಮೇಲೆ ಮಕ್ಕಳ ಹಲ್ಲು ಹೀಗಾಗುತ್ತಿದೆ ಎಂದರು. ಮೆಕೇ ನೀರು ಪರೀಕ್ಷಿಸಿದ, ಏನೂ ಸಿಗಲಿಲ್ಲ. ಆದರೂ ಆ ನೀರು ಬಿಟ್ಟು ಹತ್ತಿರದ ಬೇರೆ ಚಿಲುಮೆಯ ನೀರು ತನ್ನಿ ಎಂದ. ಕೆಲವೇ ವರ್ಷದಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ಕಾರಣ ತಿಳಿಯದೆಯೇ ಪರಿಹಾರ ಸಿಕ್ಕಿತು. ನಮ್ಮ ಸಾಫ್ಟ್‌ವೇರ್ ಜಗತ್ತಿನಲ್ಲಿ ಇಂಥದ್ದಾದ ಮರುದಿನವೇ ಟಿಕೆಟ್ ಕ್ಲೋಸ್ ಮಾಡುತ್ತೇವೆ. ಮೆಕೇ ಮಾಡಲಿಲ್ಲ.

ಉತ್ತರ ಬಂದದ್ದು ಪಾತ್ರೆ ವ್ಯಾಪಾರದ ಭಯದಿಂದ. ಅರ್ಕಾನ್ಸಾದ ಬಾಕ್ಸೈಟ್ ಎಂಬ ಊರು ಅಲ್ಕೋವಾ ಅಲ್ಯೂಮಿನಿಯಂ ಕಂಪನಿಗೆ ಸೇರಿದ್ದು. ಅಲ್ಲಿನ ಮಕ್ಕಳಿಗೂ ಕಂದು ಹಲ್ಲು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ವಿಷ ಎಂಬ ಮಾತು ಆಗಲೇ ಹರಿದಾಡುತ್ತಿತ್ತು. ಹಲ್ಲಿನ ಅಪವಾದವೂ ತಲೆಗೆ ಬಂದೀತೆಂದು ಕಂಪನಿಯ ಮುಖ್ಯ ರಸಾಯನತಜ್ಞ ಎಚ್. ವಿ. ಚರ್ಚಿಲ್ ಹೆಚ್ಚು ಸೂಕ್ಷ್ಮವಾದ ವಿಧಾನದಲ್ಲಿ ಆ ನೀರು ಪರೀಕ್ಷಿಸಿದ. 1931ರಲ್ಲಿ ಸಿಕ್ಕಿದ್ದು ಫ್ಲೋರೈಡ್. ನಂಬಲಾಗದೆ ಇನ್ನೊಂದು ಸ್ಯಾಂಪಲ್ ತರಿಸಿದ. ಅದೇ ಫಲಿತಾಂಶ. ಮೆಕೇಯ ಪ್ರಶ್ನೆಗೆ 30 ವರ್ಷ ಆಗಿತ್ತು.

ಆಮೇಲಿನದು ನಮಗೆ ಹೆಚ್ಚು ಪರಿಚಿತ. ಟ್ರೆಂಡ್ಲಿ ಡೀನ್ ಎಂಬ ಸರ್ಕಾರಿ ದಂತವೈದ್ಯ ಊರೂರು ತಿರುಗಿ ಲೆಕ್ಕ ಹಾಕಿದ: ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಕಲೆ ಹೆಚ್ಚುಕಮ್ಮಿ ಇಲ್ಲ, ಹುಳುಕೂ ಕಡಿಮೆ. 1945ರ ಜನವರಿ 25ರಂದು ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ತನ್ನ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಲು ಶುರುಮಾಡಿತು. ಹನ್ನೊಂದು ವರ್ಷದ ನಂತರ ನೋಡಿದಾಗ, ಬೆರೆಸಲು ಆರಂಭಿಸಿದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ. 60ಕ್ಕಿಂತ ಹೆಚ್ಚು ಇಳಿದಿತ್ತು. 1950ರ ದಶಕದಲ್ಲೇ ಅಲ್ಲಿನ ಅಂಗಡಿಗಳಿಗೆ ಫ್ಲೋರೈಡ್ ಪೇಸ್ಟೂ ಬಂತು.

ಇದೇ ಕಥೆ ನಮ್ಮ ಕಡೆ ಬೇರೆಯೇ ರೂಪ ತಾಳಿತು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳ ಬಗ್ಗೆ ಬರೆದಾಗ, ಅಲ್ಲಿ ಹಲ್ಲಿನ ಕಲೆಯ ಜೊತೆ ಬೆನ್ನು ಸೆಟೆದು, ಕೀಲು ಬಿಗಿದ ಜನರಿದ್ದರು. ನಾನಿರುವುದು ಹೈದರಾಬಾದಿನಲ್ಲಿ. ಇಲ್ಲಿಂದ ನೂರು ಕಿಲೋಮೀಟರ್ ದೂರದ ನಲ್ಗೊಂಡ ಜಿಲ್ಲೆಯ ಹೆಸರು ಜಗತ್ತಿನ ನೀರಿನ ಎಂಜಿನಿಯರುಗಳಿಗೆಲ್ಲ ಗೊತ್ತು. ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ಫ್ಲೋರೈಡನ್ನು ತಳಕ್ಕೆ ಇಳಿಸುವ ವಿಧಾನವೊಂದನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ಅದಕ್ಕೆ 'ನಲ್ಗೊಂಡ ವಿಧಾನ' ಎಂದೇ ಹೆಸರು. ಅಗ್ಗದ ವಿಧಾನ ನಿಜ. ಆದರೆ ದಿನವೂ ಸರಿಯಾದ ಅಳತೆಯಲ್ಲಿ ಬೆರೆಸುವ ಮನುಷ್ಯ ಬೇಕು, ಮಿಕ್ಕ ಕೆಸರನ್ನು ಎಲ್ಲಿ ಚೆಲ್ಲುವುದು ಎಂಬುದೂ ಇದೆ. ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಯವರಿಗೆ ಇದೆಲ್ಲ ಹೊಸದಲ್ಲ. ಗ್ರಾನೈಟ್ ಬಂಡೆಯ ನಡುವಿನಿಂದ ಬರುವ ಬೋರ್‌ವೆಲ್ ನೀರು, ಫೋಟೋ ತೆಗೆಯುವಾಗ ತುಟಿ ಬಿಚ್ಚದ ಹುಡುಗಿಯರು, ಹೆಣ್ಣು ನೋಡಲು ಬಂದವರೆದುರು ಮಾತೇ ಆಡದೆ ಕೂತವರು. ಉಜ್ಜಿಲ್ಲವೇನೋ ಎಂದು ಊರಾಚೆಯವರು ತಿಳಿಯುತ್ತಾರೆ. ಅವರು ನಮಗಿಂತ ಚೆನ್ನಾಗಿಯೇ ಉಜ್ಜಿರುತ್ತಾರೆ.

ಹೀಗಾಗಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ 'ಫ್ಲೋರೈಡ್ ವಿಷ, ಮಕ್ಕಳಿಗೆ ಫ್ಲೋರೈಡ್ ಇಲ್ಲದ ಪೇಸ್ಟೇ ಕೊಡಿ' ಎಂಬ ಸಂದೇಶ ಬಂದಾಗ ನಗುವುದೂ ಕಷ್ಟ, ಒಪ್ಪುವುದೂ ಕಷ್ಟ. ಗ್ರ್ಯಾಂಡ್ ರ‍್ಯಾಪಿಡ್ಸ್ ಕಾಲದಲ್ಲಿ ಫ್ಲೋರೈಡ್ ಹೊಟ್ಟೆಗೆ ಹೋಗಿಯೇ ಹಲ್ಲು ಗಟ್ಟಿಯಾಗುತ್ತದೆ ಎಂದು ನಂಬಿದ್ದರು. ಅದು ಮುಖ್ಯವಾಗಿ ಕೆಲಸ ಮಾಡುವುದು ಹಲ್ಲಿನ ಮೇಲ್ಮೈಯಲ್ಲಿ, ಆಮ್ಲ ಕರಗಿಸಿದ ಎನಾಮಲ್ಲಿಗೆ ಮತ್ತೆ ಖನಿಜ ತುಂಬುವಾಗ ಎಂಬುದು ನಂತರ ತಿಳಿಯಿತು. ಪೇಸ್ಟಿಗೆ ಹಲ್ಲು ಮುಟ್ಟಿದರೆ ಸಾಕು, ಗಂಟಲಿಳಿಯುವ ಅಗತ್ಯವಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು ಎಂದು ಅಳತೆ ಹೇಳುವುದು ಅದಕ್ಕೇ. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಬಳಿದರೆ, ಉಗುಳಲು ಬಾರದ ಮಗು ಅರ್ಧ ನುಂಗುತ್ತದೆ.

ನೀರಿನ ಪ್ರಶ್ನೆ ಬೇರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಇಲ್ಲಿ ನಲ್ಲಿಯಲ್ಲಿ ಬರುವುದು ಕೃಷ್ಣಾ, ಗೋದಾವರಿ ನೀರು. ಬೇಸಿಗೆಯಲ್ಲಿ ಬರುವ ಟ್ಯಾಂಕರ್ ನೀರು ಯಾವ ಬೋರ್‌ವೆಲ್ಲಿನದೋ ಚಾಲಕನಿಗೇ ಗೊತ್ತು. ಆರ್‌ಒ ಯಂತ್ರ ಫ್ಲೋರೈಡಿನ ಬಹುಪಾಲನ್ನು ತೆಗೆದುಬಿಡುತ್ತದೆ, ಆ ನೀರು ಕುಡಿಯುವ ಮಗುವಿಗೆ ಪೇಸ್ಟೇ ಆಸರೆ. ಅದೇ ಮಗು ಎರಡು ತಿಂಗಳು ರಜೆಗೆ ಪಾವಗಡದ ಅಜ್ಜಿ ಮನೆಗೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಅಜ್ಜಿಗೆ ಫೋನ್ ಮಾಡಿದಾಗ ಮೊದಲು ಕೇಳಬೇಕಾದದ್ದು ಕುಡಿಯಲು ಯಾವ ನೀರು ತರುತ್ತಿದ್ದೀರಿ ಎಂದು, ಪೇಸ್ಟ್ ಯಾವುದು ಅಂತ ಆಮೇಲೆ.