ಕನ್ನಡ ಕರಾವಳಿಯ ಹಳೆಯ ರೇವುಗಳೂ ಬೈಸಿಕಲ್ಲಿನ ದಾರಿಯೂ

ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 270 ಕಿಲೋಮೀಟರು ಹಬ್ಬಿರುವ ಕನ್ನಡ ಕರಾವಳಿಯು ಪ್ರಕೃತಿಸೌಂದರ್ಯಕ್ಕೆ ಎಷ್ಟು ಪ್ರಸಿದ್ಧವೋ ಚರಿತ್ರೆಗೂ ಅಷ್ಟೇ ಪ್ರಸಿದ್ಧವಾಗಿರಬೇಕಾಗಿತ್ತು. ಮಳೆಗಾಲ ಕಳೆದ ಮೇಲೆ ಬೈಸಿಕಲ್ಲನ್ನೇರಿ ಈ ದಾರಿಯಲ್ಲಿ ಸಂಚರಿಸುವ ತರುಣರು ಈಚೆಗೆ ಅಲ್ಲಲ್ಲಿ ಕಾಣಸಿಗುತ್ತಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಹೆದ್ದಾರಿಯನ್ನೇ ಹಿಡಿದು ಸಾಗುವವರಿಗೆ ಕಡಲು ಕಾಣುತ್ತದೆ, ತೆಂಗಿನ ತೋಟಗಳು ಕಾಣುತ್ತವೆ, ಈ ನಾಡಿನ ಪೂರ್ವವೃತ್ತಾಂತವು ಮಾತ್ರ ಬಹುಮಟ್ಟಿಗೆ ಕಾಣದೆಯೇ ಉಳಿಯುತ್ತದೆ. ಬಾರಕೂರು, ಬಸರೂರು, ಗೇರುಸೊಪ್ಪೆ ಎಂಬ ಹೆಸರುಗಳು ಒಂದು ಕಾಲದಲ್ಲಿ ಅರಬ್ಬೀ ಸಮುದ್ರದ ಆಚೆಯವರೆಗೂ ಕೇಳಿಬರುತ್ತಿದ್ದವು. ಈ ಮೂರರಲ್ಲಿ ಒಂದೂ ಇಂದಿನ ಕರಾವಳಿ ಹೆದ್ದಾರಿಯ ಮೇಲಿಲ್ಲ.

ಇದಕ್ಕೆ ಕಾರಣವು ಭೂಮಿಯ ಲಕ್ಷಣದಲ್ಲಿಯೇ ಅಡಗಿದೆ. ಪಡುಗಡಲ ತೆರೆಗಳ ಹೊಡೆತಕ್ಕೆ ಬಯಲಾದ ಮರಳದಂಡೆಯಲ್ಲಿ ಹಾಯಿಹಡಗುಗಳು ನಿಲ್ಲಲಾರವು. ಅವುಗಳಿಗೆ ಆಶ್ರಯವಾದದ್ದು ನದಿಗಳ ಅಳಿವೆ. ಘಟ್ಟದ ಮೇಲಣ ಮೆಣಸು, ಬಯಲುಸೀಮೆಯ ಬಟ್ಟೆ, ಕೆಳಗಣ ಗದ್ದೆಗಳ ಅಕ್ಕಿ ಇವೆಲ್ಲ ಎತ್ತಿನ ಹೇರುಗಳಲ್ಲಿಯೂ ದೋಣಿಗಳಲ್ಲಿಯೂ ಇಳಿದುಬಂದು ನದೀತೀರದ ಪೇಟೆಗಳಲ್ಲಿ ಸೇರುತ್ತಿದ್ದವು. ಆದುದರಿಂದ ಇಲ್ಲಿಯ ರಾಜ್ಯಗಳೂ ವ್ಯಾಪಾರವೂ ಪೂರ್ವಪಶ್ಚಿಮವಾಗಿ, ನದಿಯ ಹರಿವಿನ ಗುಂಟ ಬೆಳೆದವು. ಉತ್ತರದಕ್ಷಿಣವಾಗಿ ಹೋಗುವವನಿಗೆ ಹೊಳೆಹೊಳೆಗೂ ಒಂದೊಂದು ತಡೆಯಿತ್ತು. 1801ರಲ್ಲಿ ಮಂಗಳೂರಿನಿಂದ ಸದಾಶಿವಗಡದವರೆಗೆ ಸಂಚರಿಸಿ, 1807ರಲ್ಲಿ ತನ್ನ ಪ್ರವಾಸಗ್ರಂಥವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ನನು ಕಂಡ ಕರಾವಳಿಯು ಅಂಥದು. ಸೇತುವೆಗಳ ಮೇಲೆ ನೇರವಾಗಿ ಓಡುವ ಹೆದ್ದಾರಿಯು ಆ ತಡೆಯನ್ನು ನೀಗಿತು, ಜೊತೆಗೆ ನದಿಯ ಒಳಮಗ್ಗುಲಿನ ಊರುಗಳನ್ನು ಪ್ರಯಾಣಿಕನ ಕಣ್ಣಿನಿಂದ ಮರೆಮಾಡಿತು. ಹೀಗಿರಲು ಈ ನಾಡಿನ ಚರಿತ್ರೆಯನ್ನು ಕಾಣಬಯಸುವವನು ಪ್ರತಿಯೊಂದು ನದಿಯ ಬಳಿಯೂ ಹೆದ್ದಾರಿಯನ್ನು ಬಿಟ್ಟು ದಂಡೆಯ ಕಿರುದಾರಿಯನ್ನು ಹಿಡಿಯಬೇಕು. ತೋಟದ ಓಣಿಯಲ್ಲಿ ನುಸುಳಬಲ್ಲ, ಅಗತ್ಯ ಬಿದ್ದರೆ ತಾರಿಯ ದೋಣಿಯಲ್ಲಿ ಏರಿಸಿಕೊಳ್ಳಬಹುದಾದ ಬೈಸಿಕಲ್ಲಿಗಿಂತ ಇದಕ್ಕೆ ತಕ್ಕ ವಾಹನವಿಲ್ಲ.

ಪ್ರಯಾಣದ ದಿಕ್ಕಿನ ವಿಷಯದಲ್ಲಿಯೂ ಹಿಂದಿನ ನಾವಿಕರಿಂದ ಕಲಿಯತಕ್ಕದ್ದುಂಟು. ಮಳೆಗಾಲದ ಹೊರತು ಉಳಿದ ತಿಂಗಳುಗಳಲ್ಲಿ ಇಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ಮೆಲುಗಾಳಿಯು ಬೀಸುತ್ತದೆ, ಮಧ್ಯಾಹ್ನ ತಿರುಗಿದ ಮೇಲೆ ವಾಯವ್ಯದಿಂದ ಕಡಲಗಾಳಿಯು ಏಳುತ್ತದೆ. ಮಂಜಿ ಪತ್ತೇಮಾರಿಗಳ ತಂಡೇಲರು ಇವೆರಡನ್ನೂ ನೆಚ್ಚಿಯೇ ದಂಡೆಯ ಗುಂಟ ಹಡಗು ನಡೆಸುತ್ತಿದ್ದರು. ಬೈಸಿಕಲ್ಲಿನವನು ಕಾರವಾರದಿಂದ ಹೊರಟು ತೆಂಕಣಕ್ಕೆ ಸಾಗಿದರೆ ಅದೇ ಕಡಲಗಾಳಿಯು ಬೆನ್ನಿಗೆ ಬಂದು ನೆರವಾಗುತ್ತದೆ. ಕಾರ್ತಿಕದಿಂದ ಮಾಘದವರೆಗಿನ ಕಾಲವು ಪ್ರಶಸ್ತ. ದಿನಕ್ಕೆ 40 ಕಿಲೋಮೀಟರಿನಂತೆ ಹೋದರೆ ಏಳು ದಿನಗಳ ದಾರಿ, ನದಿಗಳ ಒಳದಾರಿಗೆಂದು ಇನ್ನೂ ಮೂರು ದಿನಗಳನ್ನು ಮೀಸಲಿಡುವುದು ಲೇಸು.

ಮೊದಲನೆಯದು ಕಾಳಿನದಿ. ಅದರ ಬಡಗಣ ದಂಡೆಯ ಗುಡ್ಡದ ಮೇಲೆ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡವಿದೆ. 1638ರಲ್ಲಿ ಆಂಗ್ಲ ವರ್ತಕರು ಮೆಣಸಿಗಾಗಿ ಬಂದು ಕೋಠಿ ಹೂಡಿದ ಹಳೆಯ ಕಾರವಾರವು ಈಗಿನ ಪಟ್ಟಣದ ಮೂಡಲಿಗೆ, ನದಿಯ ತಡಿಯಲ್ಲಿದ್ದಿತು. ಈಗಿನ ಪಟ್ಟಣವು 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಸೇರಿದ ಬಳಿಕ ಬೆಳೆದದ್ದು. 1883ರಲ್ಲಿ ತನ್ನ ಅಣ್ಣನಾದ ಜಿಲ್ಲಾ ನ್ಯಾಯಾಧೀಶ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ದೋಣಿಯೇರಿ ಇದೇ ನದಿಯ ಮೇಲ್ಮುಖವಾಗಿ ಹೋದುದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ.

ಅಂಕೋಲೆಯಲ್ಲಿ ಚರಿತ್ರೆಯು ನಮ್ಮ ಕಾಲಕ್ಕೆ ಹತ್ತಿರವಾಗುತ್ತದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹವು ಇಲ್ಲಿ ಆರಂಭವಾಯಿತು. ಬಳಿಕ ನಡೆದ ಕರನಿರಾಕರಣೆಯಲ್ಲಿ ಈ ತಾಲ್ಲೂಕಿನ ರೈತರು ಹೊಲಮನೆಗಳನ್ನೇ ಕಳೆದುಕೊಂಡರು. ಗಂಗಾವಳಿಯನ್ನು ದಾಟಿ, ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮಾಡಿ, ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡಿದವನಿಗೆ ಆ ಸತ್ಯಾಗ್ರಹವು ಈ ನೆಲದಲ್ಲಿಯೇ ಏಕೆ ಬೇರೂರಿತೆಂಬುದು ವಿವರಣೆಯಿಲ್ಲದೆ ತಿಳಿದುಬರುತ್ತದೆ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತವು ಬೆಳೆಯುತ್ತದೆ. ಅದೇ ನದಿಯ ನೆರೆಯಲ್ಲಿ ಕೆಂಪು ಚಿರೆಕಲ್ಲಿನ ಮಿರ್ಜಾನ ಕೋಟೆಯು ಪಾಚಿಹಸಿರನ್ನು ಹೊದ್ದು ನಿಂತಿದೆ. ಅಗೆತದಲ್ಲಿ ಅಲ್ಲಿ ಚೀನಾದ ಪಿಂಗಾಣಿಯ ಚೂರುಗಳು ದೊರೆತಿವೆ.

ಶರಾವತಿಯ ಅಳಿವೆಯಲ್ಲಿರುವ ಹೊನ್ನಾವರದ ಕೀರ್ತಿಯು ಇನ್ನೂ ಹಳೆಯದು. ಹದಿನಾಲ್ಕನೆಯ ಶತಮಾನದ ನಡುವೆ ಇಲ್ಲಿಗೆ ಬಂದ ಇಬ್ನ್ ಬತೂತನು ಈ ಪಟ್ಟಣದಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಸ್ತ್ರೀವಿದ್ಯೆಯು ಈಚಿನ ನೂತನ ಪದ್ಧತಿಯೆಂದು ಭಾವಿಸುವವರು ಈ ಸಂಖ್ಯೆಗಳನ್ನು ಮನನ ಮಾಡತಕ್ಕದ್ದು. 1510ರಲ್ಲಿ ಗೋವೆಯನ್ನು ಹಿಡಿಯಲು ಪೋರ್ಚುಗೀಸರಿಗೆ ನೆರವಾದ ತಿಮ್ಮೋಜನೂ ಈ ಊರಿನವನೇ. ಆದರೆ ಹೊನ್ನಾವರದ ಸಂಪತ್ತಿನ ಮೂಲವನ್ನು ಅರಿಯಬೇಕಾದರೆ ಸುಮಾರು 30 ಕಿಲೋಮೀಟರು ಒಳಕ್ಕೆ, ಶರಾವತಿಯ ಕಣಿವೆಯಲ್ಲಿ ಗೇರುಸೊಪ್ಪೆಯವರೆಗೆ ಸಾಗಬೇಕು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯು 1552ರಿಂದ 1606ರವರೆಗೆ, ಐವತ್ತಕ್ಕೂ ಮೇಲ್ಪಟ್ಟು ವರ್ಷಗಳ ಕಾಲ, ಆಳಿದ್ದು ಇಲ್ಲಿಂದ. ಘಟ್ಟದ ಮೆಣಸು ಇಳಿಯುವ ದಾರಿಯೂ ಅದು ಹಡಗು ಸೇರುವ ರೇವೂ ಒಂದೇ ಕೈಯಲ್ಲಿದ್ದುದೇ ಆ ರಾಣಿಯ ಬಲ. ಆಕೆಯ ರಾಜ್ಯವು ಕೆಳದಿಯ ವೆಂಕಟಪ್ಪನಾಯಕನ ವಶವಾಯಿತು. 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಹೆಸರಾಂತ ನಗರವು ಹಾಳಾಗಿ ಅರಮನೆಯ ಮೇಲೆ ಗಿಡಮರಗಳು ಬೆಳೆದಿದ್ದುದನ್ನು ಕಂಡನು. ರಾಜಧಾನಿಯೊಂದು ಅರಣ್ಯವಾಗಲು ಹದಿನೇಳು ವರ್ಷಗಳು ಸಾಕಾದುವು! ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿಯು ಇಂದಿಗೂ ಆ ಕಾಡಿನ ನಡುವೆ ಗಂಭೀರವಾಗಿ ನಿಂತಿದೆ.

ಮುಂದಿನ ಭಟ್ಕಳವು ವಿಜಯನಗರಕ್ಕೆ ಕುದುರೆಗಳನ್ನು ಒದಗಿಸುತ್ತಿದ್ದ ಪಟ್ಟಣ. 1542ರಲ್ಲಿ ಪೋರ್ಚುಗೀಸರ ಗವರ್ನರನಾದ ಮಾರ್ತಿಂ ಅಫೋನ್ಸೊ ದ ಸೋಜನು ಇದನ್ನು ಸುಟ್ಟು ಸೂರೆಗೊಂಡನು. ಹಾಗಿದ್ದರೂ ಕೇತಪೈ ನಾರಾಯಣ ದೇವಾಲಯದ ಶಿಲ್ಪವನ್ನು ನೋಡುವವನಿಗೆ ಇಲ್ಲಿಯ ವರ್ತಕರ ಐಶ್ವರ್ಯವೂ ಅಭಿರುಚಿಯೂ ವ್ಯಕ್ತವಾಗದೆ ಇರವು. ಬೈಂದೂರನ್ನು ದಾಟಿದರೆ ಮರವಂತೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ, ನಡುವೆ ರಸ್ತೆ. ಈ ನೋಟವನ್ನು ಎಲ್ಲರೂ ನಿಂತು ನೋಡುತ್ತಾರೆ.

ಕುಂದಾಪುರದಿಂದ ಮೂಡಲಿಗೆ ಕೆಲವೇ ಕಿಲೋಮೀಟರು ಹೋದರೆ ಸಿಕ್ಕುವ ಬಸರೂರಿಗೆ ಬರುವವರು ವಿರಳ. ವಾರಾಹಿಯ ದಂಡೆಯ ಈ ಊರಿನಿಂದ ಹೊರಟ ಅಕ್ಕಿಯಿಂದ ಪೋರ್ಚುಗೀಸರ ಗೋವೆಯ ಹೊಟ್ಟೆ ತುಂಬುತ್ತಿತ್ತು. 1569ರಲ್ಲಿ ಅವರು ಇಲ್ಲಿಯ ಕೋಟೆಯನ್ನು ಹಿಡಿದರು. 1665ರಲ್ಲಿ ಶಿವಾಜಿಯು ನೌಕಾಬಲದೊಡನೆ ಬಂದು ಪಟ್ಟಣವನ್ನು ಕೊಳ್ಳೆಹೊಡೆದು, ಹಿಂದಿರುಗುವಾಗ ಗೋಕರ್ಣದಲ್ಲಿ ಇಳಿದನು. ಪಡುಕೇರಿ ಮೂಡುಕೇರಿಗಳೆಂಬ ಹೆಸರುಗಳಲ್ಲಿ ಆ ಹಳೆಯ ಪೇಟೆಯ ವಿಂಗಡಣೆಯು ಇನ್ನೂ ಉಳಿದಿದೆ. ಬ್ರಹ್ಮಾವರದ ಬಳಿ ಒಳಹೊಕ್ಕರೆ ಆಳುಪರ ರಾಜಧಾನಿಯೂ ವಿಜಯನಗರದ ಪ್ರಾಂತ್ಯದ ಮುಖ್ಯಸ್ಥಾನವೂ ಆಗಿದ್ದ ಬಾರಕೂರು. ಅಲ್ಲಿ ಹತ್ತು ಕೇರಿಗಳಿದ್ದವು. ದೇಶೀಯ ವರ್ತಕರ ಹಲರು, ಪರದೇಶೀಯರ ಹಂಜಮಾನ ಎಂಬ ಕೂಟಗಳು ಈ ಪಟ್ಟಣಗಳ ವ್ಯವಹಾರವನ್ನು ನಡೆಸುತ್ತಿದ್ದುದಕ್ಕೆ ಶಾಸನಗಳೇ ಸಾಕ್ಷಿ. ಅರಸರು ಬದಲಾದರೂ ಪೇಟೆಗಳು ಬಾಳಿದುದು ಈ ಕೂಟಗಳ ಬಲದಿಂದ.

ಉಡುಪಿಯಲ್ಲಿ ಶ್ರೀಕೃಷ್ಣನ ಸನ್ನಿಧಿಯನ್ನು ಸೇವಿಸಿ, ಕಾಪುವಿನಲ್ಲಿ 1901ರ ದೀಪಸ್ತಂಭವನ್ನು ನೋಡಿ, ಮೂಲ್ಕಿಯ ಶಾಂಭವಿಯನ್ನು ದಾಟಿದರೆ ಮಂಗಳೂರು ಸಮೀಪಿಸುತ್ತದೆ. ಬೋಳೂರಿನಲ್ಲಿ ಗುರುಪುರ ಹೊಳೆಯ ತಡಿಗೆ ಟಿಪ್ಪುಸುಲ್ತಾನನು ಕಟ್ಟಿಸಿದ ಕರಿಯ ಕಲ್ಲಿನ ಕಾವಲುಕೊತ್ತಳವಿದೆ. ಶತ್ರುವಿನ ಹಡಗುಗಳು ಹೊಳೆಯನ್ನು ಹೊಗದಂತೆ ತಡೆಯುವುದೇ ಅದರ ಉದ್ದೇಶ. 1784ರಲ್ಲಿ ಸುಲ್ತಾನನಿಗೂ ಆಂಗ್ಲರಿಗೂ ಒಡಂಬಡಿಕೆಯಾದದ್ದು ಇದೇ ಪಟ್ಟಣದಲ್ಲಿ. ಕಾಳಿಯ ಗಡದಿಂದ ಗುರುಪುರದ ಕೊತ್ತಳದವರೆಗೆ ಎಲ್ಲರೂ ಕಾದುದು ನದಿಯ ಬಾಯನ್ನೇ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಇಷ್ಟನ್ನು ಹೇಳಿದ ಮೇಲೆ ಒಂದು ವ್ಯಸನದ ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಹೆದ್ದಾರಿಯನ್ನು ಅಗಲಿಸುವ ಕಾರ್ಯದಲ್ಲಿ ಅನೇಕ ಕಡೆ ಗುಡ್ಡಗಳ ಬುಡವನ್ನು ಕಡಿಯಲಾಯಿತು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವು ರಸ್ತೆಯ ಮೇಲೆ ಜರಿದು ಗಂಗಾವಳಿಯವರೆಗೆ ಹಬ್ಬಿ ಹಲವರ ಪ್ರಾಣವನ್ನು ಹೀರಿತು. ಅದಾದ ಇಪ್ಪತ್ತೆರಡನೆಯ ದಿನ, ಆಗಸ್ಟ್ 7ರಂದು, ಕಾಳಿನದಿಯ ಹಳೆಯ ಸೇತುವೆಯು ಕುಸಿದುಬಿದ್ದಿತು. ಅದು ಕಟ್ಟಿ ನಲವತ್ತು ವರ್ಷಗಳು ದಾಟಿದ್ದವಷ್ಟೆ. ನದಿಯನ್ನೂ ಗುಡ್ಡವನ್ನೂ ಅರಿತು ಬದುಕಿದವರ ನಾಡಿನಲ್ಲಿ ಅವೆರಡನ್ನೂ ಲೆಕ್ಕಿಸದೆ ದಾರಿ ಮಾಡಿದುದರ ಫಲವನ್ನು ಇಲ್ಲಿಯ ಜನರು ಅನುಭವಿಸಿದರು. ಹಳೆಯ ರೇವುಗಳ ಮರೆವೂ ಅದೇ ಅಲಕ್ಷ್ಯದ ಇನ್ನೊಂದು ಮುಖ.

ಇದಕ್ಕೆ ದೊಡ್ಡ ವೆಚ್ಚದ ಪರಿಹಾರವೇನೂ ಬೇಕಾಗಿಲ್ಲ. ಪ್ರತಿಯೊಂದು ಸೇತುವೆಯ ಬಳಿಯೂ ಒಳಗಣ ಊರಿನ ಹೆಸರನ್ನೂ ಅದರ ಚರಿತ್ರೆಯನ್ನೂ ನಾಲ್ಕು ಸಾಲುಗಳಲ್ಲಿ ತಿಳಿಸುವ ಒಂದು ಕಲ್ಲನ್ನು ನಿಲ್ಲಿಸಬಹುದು. ಪ್ರೌಢಶಾಲೆಗಳು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಬೈಸಿಕಲ್ಲುಗಳ ಮೇಲೆ ಒಂದೊಂದು ನದಿಯ ಉದ್ದಕ್ಕೂ ಕಳುಹಿಸಿ, ಗದ್ದೆಯ ಬದುವಿನಲ್ಲಿಯೂ ಗುಡಿಯ ಅಂಗಳದಲ್ಲಿಯೂ ಇರುವ ಶಾಸನಶಿಲೆಗಳ ಪಟ್ಟಿಯನ್ನು ಬರೆಯಿಸಬಹುದು. ಹಾಗೆ ಹೋದ ಹುಡುಗನೊಬ್ಬನು ಬಸರೂರಿನ ಕಡವಿನಲ್ಲಿ ಬೈಸಿಕಲ್ಲನ್ನು ನಿಲ್ಲಿಸಿ, ಇಲ್ಲಿಂದ ಅಕ್ಕಿಯ ಹಡಗುಗಳು ಹೊರಟವೆಂದು ತನ್ನ ತಂಗಿಗೆ ತೋರಿಸಬಲ್ಲವನಾದರೆ, ಹಲರೂ ಹಂಜಮಾನದವರೂ ಕಟ್ಟಿದ ಆ ಪಟ್ಟಣವು ಪೂರ್ತಿಯಾಗಿ ಅಳಿಯಲಿಲ್ಲವೆಂದೇ ತಿಳಿಯಬಹುದು.