ಕ್ರಿಸ್ಟಲ್ ರೋಜರ್ಸ್ ಅವರ ಮೂರು ಊರುಗಳು: ಪ್ರಾಣಿದಯೆಯ ಚರಿತ್ರೆಯಲ್ಲಿ ಬೆಂಗಳೂರಿನ ಸ್ಥಾನ

ಕ್ರಿಸ್ಟಲ್ ರೋಜರ್ಸ್ (1906–1996) ಅವರ ಬದುಕಿನ ಪ್ರಚಲಿತ ಕಥನ ಒಂದು ಘಟನೆಯ ಸುತ್ತ ನಿಂತಿದೆ. 1959ರಲ್ಲಿ ನ್ಯೂಜಿಲೆಂಡ್‌ಗೆ ಹೊರಟಿದ್ದ ಈ ಇಂಗ್ಲಿಷ್ ಮಹಿಳೆ ದೆಹಲಿಯ ರಸ್ತೆಬದಿಯಲ್ಲಿ ಸಾಯುತ್ತ ಬಿದ್ದಿದ್ದ ಕುದುರೆಯನ್ನೂ ಅದನ್ನು ಕುಕ್ಕುತ್ತಿದ್ದ ಕಾಗೆಗಳನ್ನೂ ಕಂಡು, ಪ್ರಯಾಣ ಕೈಬಿಟ್ಟು ಇಲ್ಲಿಯೇ ಉಳಿದರು. ದೆಹಲಿಯಲ್ಲಿ ‘ದಿ ಅನಿಮಲ್ಸ್ ಫ್ರೆಂಡ್’, 1980ರಲ್ಲಿ ಜೈಪುರದ ‘ಹೆಲ್ಪ್ ಇನ್ ಸಫರಿಂಗ್’, 1991ರಲ್ಲಿ ಬೆಂಗಳೂರಿನ ‘ಕ್ಯೂಪಾ’ (ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್) ಒಂದರ ಹಿಂದೊಂದು ಹುಟ್ಟಿದವು. ಕುದುರೆಯ ಪ್ರಸಂಗವೇ ಎಲ್ಲಕ್ಕೂ ಕಾರಣವೆಂದುಕೊಂಡರೆ ದೆಹಲಿ ಮೂಲಸ್ಥಾನವಾಗುತ್ತದೆ, ಬೆಂಗಳೂರು ಎಂಬತ್ತೈದರ ವೃದ್ಧೆಯೊಬ್ಬರ ಬದುಕಿನ ಅನುಬಂಧವಾಗುತ್ತದೆ. ಈ ಕ್ರಮವನ್ನು ತಿರುಗಿಸಿ ಓದಬೇಕೆಂಬುದು ಪ್ರಸ್ತುತ ಲೇಖನದ ವಾದ.

ಹಿನ್ನೆಲೆಯ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. 1861ರಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಕಲ್ಕತ್ತಾದಲ್ಲಿ ಪ್ರಾಣಿಹಿಂಸಾ ನಿವಾರಣಾ ಸಂಘವನ್ನು ಕಟ್ಟಿದರು. 1890ರಲ್ಲಿ ವಸಾಹತು ಸರ್ಕಾರ ಹಿಂಸಾ ನಿವಾರಣಾ ಕಾಯ್ದೆ ತಂದಿತು. ಸ್ವತಂತ್ರ ಭಾರತದಲ್ಲಿ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಒತ್ತಡದಿಂದ 1960ರ ಕಾಯ್ದೆಯೂ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯೂ ಬಂದವು. ಕನ್ನಡ ನಾಡಿಗೆ ತನ್ನದೇ ಧಾರೆಯಿದೆ. ಹಿಟ್ಟಿನ ಕೋಳಿಯ ಬಲಿಯನ್ನೂ ಹಿಂಸೆಯೆಂದೇ ಎಣಿಸಿದ ಜನ್ನನ ‘ಯಶೋಧರ ಚರಿತೆ’ ಹದಿಮೂರನೆಯ ಶತಮಾನದ್ದು. ಮೈಸೂರು ರಾಜ್ಯವು ಪ್ರಾಣಿಬಲಿಯನ್ನು ತಡೆಯಲು 1959ರಲ್ಲೇ ಕಾಯ್ದೆ ಮಾಡಿತ್ತು. ಆದುದರಿಂದ ಪ್ರಾಣಿದಯೆಯನ್ನು ರೋಜರ್ಸ್ ಇಲ್ಲಿಗೆ ಹೊತ್ತು ತಂದರೆಂಬುದು ಕಾಲಾನುಕ್ರಮಣಿಕೆಯ ಎದುರು ನಿಲ್ಲದ ಮಾತು.

ವಿವಾದವಿರುವುದು ಬೇರೆಡೆ. ವಸಾಹತು ಬಂಗಾಳದ ಪ್ರಾಣಿದಯೆಯು ಆಡಳಿತ, ಮಾಂಸಾಹಾರ ಮತ್ತು ಮಧ್ಯಮವರ್ಗದ ನೀತಿಗಳ ಚರ್ಚೆಯೊಡನೆ ಹೆಣೆದುಕೊಂಡಿದ್ದುದನ್ನು ಸಮಿಪರ್ಣಾ ಸಾಮಂತ 2021ರ ತಮ್ಮ ಗ್ರಂಥದಲ್ಲಿ ಪರಿಶೀಲಿಸಿದ್ದಾರೆ. ಆ ಚೌಕಟ್ಟನ್ನು ಮುಂದಕ್ಕೆಳೆದರೆ ರೋಜರ್ಸ್ ಅವರೂ ಅದೇ ಚರಿತ್ರೆಯ ಕೊನೆಯ ಅಧ್ಯಾಯವೆಂದು ಓದುವ ಆಸೆ ಸಹಜ: ಆಳುವ ನಾಡಿನ ಹೆಣ್ಣುಮಗಳು, ದಾರಿ ತಪ್ಪಿದ ಸ್ಥಳೀಯರು, ತಿದ್ದುವ ಕರುಣೆ. ನನ್ನ ತಕರಾರು ಸಾಮಂತರ ಗ್ರಂಥದ ಮೇಲಲ್ಲ, ಈ ವಿಸ್ತರಣೆಯ ಮೇಲೆ. ಹಳೆಯ ಸಂಘಗಳ ಮುಖ್ಯ ಸಾಧನ ಮೊಕದ್ದಮೆ ಮತ್ತು ದಂಡ. ಅದರ ಭಾರ ಬಿದ್ದದ್ದು ಗಾಡಿ ಹೊಡೆಯುವವನ ಮೇಲೆ. ರೋಜರ್ಸ್ ಕಟ್ಟಿದ್ದು ಗಾಯಗೊಂಡ ಪ್ರಾಣಿಗೆ ಆಶ್ರಯ, ಚಿಕಿತ್ಸೆ. ಶಿಕ್ಷಿಸುವ ಅಧಿಕಾರವಿಲ್ಲದ ಈ ಕೆಲಸ ಊರಿನವರ ಸಹಕಾರವಿಲ್ಲದೆ ಒಂದು ವಾರವೂ ನಡೆಯದು. ಉದ್ದೇಶದಲ್ಲಿ ಸಾಮ್ಯವಿದ್ದರೂ ಅಧಿಕಾರದ ಸಂಬಂಧ ಇಲ್ಲಿ ಬದಲಾಗಿದೆ, ಹಾಗಾಗಿ ವಿವರಣೆಯೂ ಬದಲಾಗಬೇಕು.

ಇನ್ನೂ ಮುಂದುವರಿದು ಹೇಳುವುದಾದರೆ, ರೋಜರ್ಸ್ ಅವರ ನಿಜವಾದ ಕೊಡುಗೆ ಅವರ ಮಮತೆಗಿಂತ ಹೆಚ್ಚಾಗಿ, ಕಟ್ಟಿದ್ದನ್ನು ಇತರರ ಕೈಗೆ ಬಿಟ್ಟು ಹೊರಟುಬಿಡುವ ರೀತಿಯಲ್ಲಿದೆ. ಇದನ್ನು ಅವರ ಉದ್ದೇಶದ ಬಗೆಗಿನ ತೀರ್ಪಾಗಿ ಅಲ್ಲ, ಫಲಿತಾಂಶದ ಬಗೆಗಿನ ಊಹೆಯಾಗಿ, ಅದೂ ಮುಖ್ಯವಾಗಿ ಜೈಪುರದ ಪುರಾವೆಯ ಬಲದ ಮೇಲೆ ಮುಂದಿಡುತ್ತಿದ್ದೇನೆ. ಅಲ್ಲಿನ ಸಂಸ್ಥೆ ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ಕಾರ್ಯಕ್ರಮವನ್ನು 1994ರ ನವೆಂಬರಿನಲ್ಲಿ ಆರಂಭಿಸಿತು. ಆ ಹೊತ್ತಿಗೆ ರೋಜರ್ಸ್ ಬೆಂಗಳೂರಿನವರಾಗಿದ್ದರು. ಜ್ಯಾಕ್ ರೀಸ್ ಮತ್ತು ಸುನಿಲ್ ಚಾವ್ಲಾ 2006ರಲ್ಲಿ ‘ವೆಟರಿನರಿ ರೆಕಾರ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ 2002ರ ಅಂತ್ಯದೊಳಗೆ 24,986 ನಾಯಿಗಳಿಗೆ ಶಸ್ತ್ರಚಿಕಿತ್ಸೆ, ಲಸಿಕೆ ನಡೆದಿತ್ತು. ಕಾರ್ಯಕ್ರಮ ನಡೆದ ಪ್ರದೇಶದಲ್ಲಿ ನಾಯಿಗಳ ಸಂಖ್ಯೆ ಶೇ. 28ರಷ್ಟು ಇಳಿದಿತ್ತು, ಮನುಷ್ಯರಲ್ಲಿ ರೇಬೀಸ್ ಪ್ರಕರಣ ಅಲ್ಲಿ ಶೂನ್ಯಕ್ಕೆ ಬಂದಿತ್ತು, ನಗರದ ಉಳಿದೆಡೆ ಹೆಚ್ಚಿತ್ತು. ರೋಜರ್ಸ್ ಕಟ್ಟಿದ ಸಂಸ್ಥೆಯ ಅತಿ ಗಟ್ಟಿಯಾದ ವೈಜ್ಞಾನಿಕ ಸಾಧನೆ ಸ್ಥಾಪಕಿ ಹೋದಮೇಲಿನದು. ಕುದುರೆಯ ಕಥೆಯಿಂದ ಈ ಸಂಗತಿಯನ್ನು ವಿವರಿಸಲಾಗದು. ಬೆಂಗಳೂರಿನ ಸಂಸ್ಥೆಯೂ ಅವರ ಕಣ್ಣೆದುರು ಇದ್ದದ್ದು ಐದೇ ವರ್ಷ. ಉಳಿದ ದಶಕಗಳು ಇಲ್ಲಿನವರದೇ. ಮೂರು ಊರುಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ಈ ಮಾದರಿ ಕಾಣುತ್ತದೆ, ಮತ್ತು ಅದು ಪೂರ್ಣಗೊಳ್ಳುವುದು ಬೆಂಗಳೂರಿನಲ್ಲಿ.

ಆಕ್ಷೇಪಗಳು ಎರಡು. ಸ್ಥಾಪಕಿ ಬಿಟ್ಟುಹೋದದ್ದನ್ನೇ ಅವರ ಸಾಧನೆಯೆನ್ನುವುದು ನಂತರದವರ ಶ್ರಮವನ್ನು ಮತ್ತೆ ಅವರ ಖಾತೆಗೇ ಬರೆದಂತಲ್ಲವೇ? ಭಾಗಶಃ ಹೌದು. ಆದರೆ ನನ್ನ ವಾದ ಶ್ರೇಯಸ್ಸನ್ನು ಕಸಿಯುವುದಿಲ್ಲ, ಹಂಚುತ್ತದೆ: ಕುದುರೆಯ ಕಥೆಯಲ್ಲಿ ಸ್ಥಳೀಯರಿಗೆ ಪಾತ್ರವೇ ಇಲ್ಲ, ಕೈದಾಟಿಸಿದ ಕಥೆಯಲ್ಲಿ ಅವರಿಲ್ಲದೆ ಹೆಜ್ಜೆ ಮುಂದೆ ಸಾಗದು. ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು: ಬದಲಾವಣೆ ತಂದದ್ದು ವ್ಯಕ್ತಿಗಳಲ್ಲ, ಕಾನೂನು. 2001ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಿಲ್ಲದೆ ಯಾವ ನಗರಪಾಲಿಕೆಯೂ ಕೊಲ್ಲುವುದನ್ನು ಬಿಟ್ಟು ಶಸ್ತ್ರಚಿಕಿತ್ಸೆಗೆ ತಿರುಗುತ್ತಿರಲಿಲ್ಲ ಎನ್ನಬಹುದು. ಒಪ್ಪತಕ್ಕ ಮಾತೇ. ಆದರೆ ಜೈಪುರದ ಪ್ರಯೋಗ ಆ ನಿಯಮಗಳಿಗಿಂತ ಏಳು ವರ್ಷ ಹಿಂದಿನದು. ನಿಯಮ ಬರೆಯುವವರಿಗೆ ‘ಇದು ಸಾಧ್ಯ’ ಎಂದು ತೋರಿಸಲು ಇಂಥ ಸಂಸ್ಥೆಗಳು ಆಗಲೇ ಇದ್ದವು. ನಿಯಮ ಬಂದ ಮೇಲೆ ಅದನ್ನು ನಡೆಸಲು ಬೇಕಾದ ಕೈಗಳೂ ಅವುಗಳಲ್ಲೇ ಇದ್ದವು.

ಈ ಓದಿನ ಪ್ರಯೋಜನ ಇಂದಿನ ದಕ್ಷಿಣ ಬೆಂಗಳೂರಿನಲ್ಲಿ ಸ್ಪಷ್ಟವಾಗುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಬೀದಿನಾಯಿಗೆ ಅನ್ನ ಹಾಕುವವರಿಗೂ ನಿವಾಸಿಗಳ ಸಂಘಗಳಿಗೂ ಜಗಳವೆದ್ದಾಗ ಅದನ್ನು ‘ದಯೆಯುಳ್ಳವರು, ದಯೆಯಿಲ್ಲದವರು’ ಎಂದು ವಿಂಗಡಿಸುವುದು ಕುದುರೆಯ ಕಥೆಯ ವಾರಸಿಕೆ. ಆದರೆ ಆಹಾರ ನೀಡುವ ಜಾಗ ಮತ್ತು ಹೊತ್ತನ್ನು ಗೊತ್ತುಮಾಡುವ ಹೊಣೆಯನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಿವಾಸಿಗಳ ಸಂಘಗಳಿಗೇ ವಹಿಸಿವೆ. ಅಂದರೆ ಕಾನೂನು ಕೇಳುವುದು ಹೊಣೆಗಾರಿಕೆಯನ್ನು, ಭಾವನೆಯನ್ನಲ್ಲ. ರೋಜರ್ಸ್ ಅವರ ಬೆಂಗಳೂರು ಘಟ್ಟದಿಂದ ಕಲಿಯಬೇಕಾದದ್ದೂ ಇದೇ ಎಂಬುದು ನನ್ನ ಅಭಿಪ್ರಾಯ. ಹಾಗಿದ್ದರೂ ಈ ಕೈದಾಟಿಕೆ ಯೋಜಿತವೋ, ಸಂದರ್ಭದ ಒತ್ತಾಯವೋ, ಮತ್ತು ಸಂಸ್ಥೆಯ ಹೊಣೆ ಹೊತ್ತವರು ನಗರದ ಯಾವ ಭಾಷೆ, ವರ್ಗಗಳಿಂದ ಬಂದವರೋ ಎಂಬ ಪ್ರಶ್ನೆಗಳು ಚರ್ಚೆಗೆ ತೆರೆದೇ ಇವೆ. 2000ದಲ್ಲಿ ಮರಣೋತ್ತರವಾಗಿ ಹೊರಬಂದ ಅವರ ಆತ್ಮಕಥೆಯನ್ನು ಪಾಲಿಕೆಯ ಕಡತಗಳು ಮತ್ತು ಆ ಕಾಲದ ಕನ್ನಡ ಪತ್ರಿಕೆಗಳ ಪಕ್ಕದಲ್ಲಿಟ್ಟು ಓದಿದರೆ ಮೇಲಿನ ಊಹೆ ಗಟ್ಟಿಯಾಗಬಹುದು, ಇಲ್ಲವೇ ಬಿದ್ದುಹೋಗಲೂಬಹುದು.